ಮೇಷ್ಟ್ರು ಕೂಗಬಾರದು

"ಊಟ ಮುಗಿಯೋ ತನಕ ಬಾಯಿ ಬಿಡಬೇಡ," ಎಂದು ಅತ್ತೆ ಅಡುಗೆಮನೆಯಲ್ಲೇ ಎಚ್ಚರಿಸಿದ್ದರು. "ಹಸಿದ ಹೊಟ್ಟೆಗೆ ಹೇಳಿದ ಮಾತು ನೇರ ನೆತ್ತಿಗೇರುತ್ತೆ."

ಸೊಸೆ ಕಾದಳು. ಸೂಪು ಮುಗಿಯಿತು. ಆಲೂಗೆಡ್ಡೆ ಮುಗಿಯಿತು. ಮಾವ ತಟ್ಟೆಯ ಅಂಚನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ಬಾಯಿಗೆ ಹಾಕಿಕೊಂಡ ಮೇಲೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು.

"ಮಾವ, ಮುಂದಿನ ವಾರದಿಂದ ನಮ್ಮ ಬೀದಿ ಕೆಲಸ ಶುರುವಾಗುತ್ತೆ."

"ಒಳ್ಳೇದಾಯ್ತು. ಗುಂಡಿ ಮುಚ್ಚಲಿ."

"ಗುಂಡಿ ಮುಚ್ತಾರೆ. ಅದರ ಜೊತೆಗೆ ಕಾರು ನಿಲ್ಲಿಸೋ ಜಾಗಾನೂ ತೆಗೀತಾರೆ. ಒಂದು ಕಡೆ ಸೈಕಲ್ ದಾರಿ, ಇನ್ನೊಂದು ಕಡೆ ಗಿಡ, ಬೆಂಚು. ಕಾರುಗಳೆಲ್ಲ ಬಸ್ ನಿಲ್ದಾಣದ ಹಿಂದಿರೋ ಮಹಡಿ ಪಾರ್ಕಿಂಗಿಗೆ ಹೋಗ್ಬೇಕು. ಚಳಿ ಮುಗಿಯೋವರೆಗೆ ಪರೀಕ್ಷೆ ಅಷ್ಟೆ. ಆಮೇಲೆ ಬೀದಿಯವರನ್ನೆಲ್ಲ ಕರೆದು ಕೇಳ್ತಾರೆ, ಇರಲಾ ಬೇಡವಾ ಅಂತ."

ಮಾವ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು. "ಯಾವ ತಲೆಕೆಟ್ಟೋನು ಇದನ್ನ ಗೀಚಿದ್ದು?"

ಮಗ ನೀರಿನ ಲೋಟ ಎತ್ತಿ ಅದರ ಹಿಂದೆ ಮುಖ ಮರೆಸಿಕೊಂಡ. ಮೊಮ್ಮಗಳು ಅಮ್ಮನನ್ನೇ ನೋಡಿದಳು.

"ನಾನೇ ಮಾವ. ಈ ಬಡಾವಣೆ ಕೆಲಸ ನನ್ನ ಟೇಬಲಿಗೇ ಬಂದಿತ್ತು."

"ಕಿಟಕಿ ಕೆಳಗೆ ನನ್ನ ಕಾರು ನಿಲ್ಲುತ್ತೆ ಅನ್ನೋದು ನಿನಗೆ ಗೊತ್ತಿರಲಿಲ್ಲವೋ?"

"ಗೊತ್ತಿತ್ತು. ನಮ್ಮನೆ ಮುಂದೆ ಮಾತ್ರ ಬಿಟ್ಟು ಮಿಕ್ಕವರ ಮನೆ ಮುಂದೆ ಗೆರೆ ಎಳೆದಿದ್ರೆ ನೀವೇ ನನಗೆ ಉಗೀತಿದ್ರಿ."

ಆ ಮಾತು ನಿಜವಾಗಿದ್ದರಿಂದಲೇ ಮಾವನಿಗೆ ಇನ್ನಷ್ಟು ರೇಗಿತು. ಎದ್ದು ತಟ್ಟೆಯನ್ನು ಸಿಂಕಿನಲ್ಲಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಪರವಾಗಿಲ್ಲ," ಎಂದರು ಅತ್ತೆ ಮೇಜು ಒರೆಸುತ್ತ. "ತಟ್ಟೆ ಸಿಂಕಿಗೆ ಇಟ್ಟರಲ್ಲ. ನಿಜವಾದ ಕೋಪ ಬಂದಿದ್ರೆ ಇಲ್ಲೇ ಬಿಟ್ಟು ಹೋಗ್ತಿದ್ರು."

ಬೀದಿಗೆಲ್ಲ ಮಾವ ಮೇಷ್ಟ್ರು. ಪಾಠಶಾಲೆಯ ಮೇಷ್ಟ್ರಲ್ಲ, ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಕೆಳಗಿನ ಅಂಗಡಿಯ ಕ್ಷೌರಿಕನಿಂದ ಹಿಡಿದು ಎದುರುಮನೆಯ ದರ್ಜಿಯ ಮಗಳವರೆಗೆ ಆ ಬೀದಿಯಲ್ಲಿ ಕಾರು ಮುಟ್ಟಿದವರೆಲ್ಲ ಅವರ ಕೂಗಿಗೆ ಹೆದರಿ ಕಲಿತವರೇ. "ಬ್ರೇಕು ಎಲ್ಲಿದೆ? ನಿಮ್ಮಜ್ಜನ ಮನೇಲಿದೆಯಾ?" ಎಂದು ಅವರು ಗದರಿದರೆ ಮುಂದಿನ ಬೀದಿಯಲ್ಲಿ ಹೋಗುತ್ತಿದ್ದವರೂ ಬ್ರೇಕು ಹಾಕುತ್ತಿದ್ದರಂತೆ. ನಿವೃತ್ತರಾಗುವಾಗ ತಾವು ಕಲಿಸುತ್ತಿದ್ದ ಕಾರನ್ನೇ ಕೊಂಡು ಮನೆಗೆ ತಂದಿದ್ದರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕಿರುವ ಹಳೆಯ ಕಾರು. ಬೆಳಿಗ್ಗೆ ಎದ್ದು ಅದನ್ನು ಒರೆಸುವುದು, ಮೊಮ್ಮಗಳನ್ನು ಶಾಲೆಗೂ ಸೊಸೆಯನ್ನು ನಗರಸಭೆಯ ಕಚೇರಿಗೂ ಬಿಡುವುದು, ವಾರಕ್ಕೊಮ್ಮೆ ಹೆಂಡತಿಯನ್ನು ತರಕಾರಿ ಸಂತೆಗೆ ಕರೆದೊಯ್ಯುವುದು, ಇಷ್ಟರಲ್ಲಿ ಅವರ ದಿನ ತುಂಬುತ್ತಿತ್ತು.

ಅವರ ಹೆಂಡತಿಯನ್ನು ಜನ ಮೇಷ್ಟ್ರಮ್ಮ ಎಂದು ಕರೆಯುತ್ತಿದ್ದರು. ಆದರೆ ಮೇಷ್ಟ್ರಮ್ಮನಿಗೆ ಕಾರೂ ಬರುತ್ತಿರಲಿಲ್ಲ, ಸೈಕಲ್ಲೂ ಬರುತ್ತಿರಲಿಲ್ಲ. ಮಗ ಲಿಫ್ಟ್ ರಿಪೇರಿಯವನು. ಮೊಮ್ಮಗಳು ಏನು ಹೇಳಿದರೂ ಎದುರುವಾದ ಹೂಡುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ವಕೀಲೆ ಎಂದೇ ಹೆಸರು.

ಕೆಲಸದವರು ಬಂದ ದಿನ ಮೇಷ್ಟ್ರು ತಾವೇ ಕಾರನ್ನು ತೆಗೆದುಕೊಂಡು ಹೋಗಿ ಆ ಮಹಡಿ ಪಾರ್ಕಿಂಗಿನಲ್ಲಿ ನಿಲ್ಲಿಸಿ ಬಂದರು. ಬಂದವರು ಕೆಳಗೆ ಕ್ಷೌರಿಕನ ಕುರ್ಚಿಯಲ್ಲಿ ಕೂತು, "ನೋಡಪ್ಪ, ದಿನಾ ಸೊಸೇನ ಆ ಕಾರಲ್ಲೇ ಕಚೇರಿಗೆ ಬಿಟ್ಟು ಬಂದೆ. ಇವಳು ಅಲ್ಲಿ ಕೂತು ಆ ಕಾರಿನ ಬುಡಕ್ಕೇ ಗೆರೆ ಎಳೆದಳು," ಎಂದರು.

"ಬಿಡಬಾರದು ಮೇಷ್ಟ್ರೇ," ಎಂದ ಕ್ಷೌರಿಕ. "ನನಗೆ ಕಾರಲ್ಲಿ ಬರೋ ಗಿರಾಕಿಗಳಿದಾರೆ. ಸಭೆ ಕರೀತಾರಂತಲ್ಲ, ಅಲ್ಲಿ ನೀವು ಬಾಯಿ ಬಿಟ್ರೆ ಸಾಕು. ನಾವೆಲ್ಲ ಹಿಂದೆ ಇರ್ತೀವಿ."

ಅಂದಿನಿಂದ ಮೇಷ್ಟ್ರು ಸೊಸೆಯ ಜೊತೆ ಮಾತು ಬಿಟ್ಟರು. ಒಂದೇ ಮೇಜಿನ ಊಟ, ನಡುವೆ ಮಗ.

"ಉಪ್ಪು ಕಮ್ಮಿ ಅಂತ ನಿನ್ನ ಹೆಂಡತಿಗೆ ಹೇಳು."

"ಪಕ್ಕದಲ್ಲೇ ಕೂತಿದಾಳಲ್ಲಪ್ಪ."

"ನಾನು ನಿನಗೆ ಹೇಳಿದ್ದು."

"ಇವತ್ತು ಅಡುಗೆ ಮಾಡಿದ್ದು ಅವರ ಮಗ ಅಂತ ಮಾವನಿಗೆ ಹೇಳಿ," ಎಂದಳು ಸೊಸೆ.

ಮಗ ಚಮಚ ಕೆಳಗಿಟ್ಟ. "ಬೆಳಗಿಂದ ಲಿಫ್ಟಲ್ಲಿ ಸಿಕ್ಕಿಕೊಂಡೋರನ್ನ ಬಿಡಿಸಿ ಬರ್ತೀನಿ. ಮನೇಲಿ ನಾನೇ ಎರಡು ಮಹಡಿ ನಡುವೆ ಸಿಕ್ಕಿಕೊಂಡಿದೀನಿ. ಇಲ್ಲಿ ಬಿಡಿಸೋರು ಯಾರೂ ಇಲ್ಲ."

ಅವನ ಅಡುಗೆಗೂ ಕಾರಣ ಬೀದಿಯೇ. ಕಾರು ಇಲ್ಲದ್ದರಿಂದ ಸೊಸೆ ಬಸ್ಸು ಹಿಡಿಯಲು ಬೇಗ ಹೊರಡಬೇಕಾಗಿತ್ತು. ಬೆಳಗಿನ ತಿಂಡಿ, ಅವಳು ತಡವಾಗಿ ಬಂದ ದಿನದ ರಾತ್ರಿಯ ಅಡುಗೆ, ಬೀದಿಯ ಕೊನೆಯಲ್ಲಿ ಹೊಸದಾಗಿ ಕಟ್ಟಿದ ಗೊಬ್ಬರದ ತೊಟ್ಟಿಗೆ ತರಕಾರಿ ಸಿಪ್ಪೆ ಹೊತ್ತು ಹಾಕುವುದು, ಎಲ್ಲವೂ ಮಗನ ಪಾಲಿಗೆ ಬಂದಿದ್ದವು. ವಕೀಲೆ ಗೆಳತಿಯರ ಜೊತೆ ಶಾಲೆಗೆ ನಡೆದು ಹೋಗತೊಡಗಿದಳು. ಮೇಷ್ಟ್ರಮ್ಮ ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಕೆಳಗಿನ ಗಿಡಕ್ಕೆ ಹಾಕುತ್ತಿದ್ದರು. ಮೇಷ್ಟ್ರ ಪಾಲಿಗೆ ಯಾವ ಕೆಲಸವೂ ಬರಲಿಲ್ಲ. ಅವರು ಕಿಟಕಿಯಲ್ಲಿ ಕೂತು, ಕಾರು ನಿಲ್ಲುತ್ತಿದ್ದ ಕಡೆ ಹಾಕಿದ ಬೆಂಚಿನ ಮೇಲೆ ಯಾರು ಯಾರು ಕೂರುತ್ತಾರೆಂದು ನೋಡುತ್ತಿದ್ದರು.

ಸಂತೆಯ ದಿನ ಬಂತು. "ಎಂದಿನ ಹಾಗೆ ಕಾರಲ್ಲೇ ಹೋಗೋದು," ಎಂದು ಮೇಷ್ಟ್ರು ಬೀಗದ ಕೈ ತೆಗೆದುಕೊಂಡರು. ಮೇಷ್ಟ್ರಮ್ಮ ಚೀಲ ಹಿಡಿದು ಹೊರಟರು. ಪಾರ್ಕಿಂಗಿಗೆ ಹೋಗುವ ದಾರಿ ಸಂತೆಯ ನಡುವೆಯೇ ಹಾದುಹೋಗುತ್ತಿತ್ತು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಹೆಂಡತಿ ಪಕ್ಕದಲ್ಲಿಲ್ಲ. ತಿರುಗಿ ನೋಡಿದರೆ ಎಲೆಕೋಸನ್ನು ಒತ್ತಿ ನೋಡುತ್ತ ನಿಂತಿದ್ದರು.

"ಏನು ಮಾಡ್ತಿದೀಯ?"

"ಕೋಸು ಗಟ್ಟಿಯಾಗಿದೆ."

"ನಾವಿನ್ನೂ ಸಂತೆಗೆ ಬಂದಿಲ್ಲ ಕಣೇ. ಕಾರಿನ ಹತ್ತಿರ ಹೋಗ್ತಿದೀವಿ."

"ಮತ್ತೆ ಇದೇನು?"

"ಇದು ದಾರಿ."

"ದಾರೀಲಿ ಕೋಸು ಇದೆ. ತಗೊಂಡ್ರೆ ತಪ್ಪೇನು?"

ಕೋಸಿನ ಹಿಂದೆ ಹುರುಳಿಕಾಯಿ ಬಂತು, ಅದರ ಹಿಂದೆ ಈರುಳ್ಳಿ, ಟೊಮೇಟೊ. ಪಾರ್ಕಿಂಗಿನ ಮೂರನೆಯ ಮಹಡಿ ಹತ್ತಿ ಕಾರಿನೊಳಗೆ ಕೂತಾಗ ಮೇಷ್ಟ್ರಮ್ಮನ ತೊಡೆಯ ಮೇಲೆ ಚೀಲ ತುಂಬಿ ತುಳುಕುತ್ತಿತ್ತು.

ಮೇಷ್ಟ್ರು ಕಾರು ಶುರು ಮಾಡಿದರು.

"ಈಗ ಎಲ್ಲಿಗೆ?" ಎಂದರು ಮೇಷ್ಟ್ರಮ್ಮ.

"ಸಂತೆಗೆ."

"ಸಂತೆ ಚೀಲದಲ್ಲಿದೆ."

ಆದರೂ ಮೇಷ್ಟ್ರು ಹಟ ಬಿಡಲಿಲ್ಲ. ಸುತ್ತುದಾರಿಯಲ್ಲಿ, ಸಾಲುಗಟ್ಟಿ ನಿಂತ ಗಾಡಿಗಳ ಹಿಂದೆ, ಹೆಂಡತಿಯನ್ನು ತರಕಾರಿ ಸಮೇತ ಬೀದಿಯ ಮೂಲೆಯವರೆಗೆ ತಂದರು. ಮನೆ ಮುಂದೆ ನಿಲ್ಲಿಸುವಂತಿಲ್ಲ. ಅವರನ್ನು ಇಳಿಸಿ, ಮತ್ತೆ ಪಾರ್ಕಿಂಗಿಗೆ ಹೋಗಿ ಕಾರು ನಿಲ್ಲಿಸಿ, ಮತ್ತೆ ಸಂತೆಯ ನಡುವೆ ನಡೆದುಕೊಂಡು ಮನೆಗೆ ಬರುವ ಹೊತ್ತಿಗೆ ಕೋಸು ಬೆಂದು ಎಲ್ಲರೂ ಮೇಜಿನ ಸುತ್ತ ಕೂತಿದ್ದರು.

"ತಾತ, ಕಾರಲ್ಲಿ ಹೋದ್ರೆ ಬೇಗ ಆಗುತ್ತೆ ಅಂತಿದ್ದೆ," ಎಂದಳು ವಕೀಲೆ.

"ಬಾಯಿ ಮುಚ್ಚಿಕೊಂಡು ಊಟ ಮಾಡು."

"ಬಾಯಿ ಮುಚ್ಚಿಕೊಂಡ್ರೆ ಊಟ ಹೇಗೆ ಮಾಡೋದು?"

ಸೊಸೆ ನಗು ತಡೆಯಲು ನೀರು ಕುಡಿದಳು. ಅದು ಮೇಷ್ಟ್ರ ಕಣ್ಣಿಗೆ ಬಿತ್ತು. ಮರುದಿನ ಅವರು ಕ್ಷೌರಿಕನ ಅಂಗಡಿಯಲ್ಲಿ ಕೂತು ಹಳೆಯ ಶಿಷ್ಯರನ್ನೆಲ್ಲ ಕರೆಸಿದರು.

ಆ ಸುದ್ದಿ ನಗರಸಭೆಗೂ ಮುಟ್ಟಿತು. "ಏನಮ್ಮಾ, ನಿಮ್ಮ ನಕ್ಷೆಗೆ ನಿಮ್ಮ ಮಾವನೇ ಎದುರಾಳಿಯಂತೆ," ಎಂದು ಮೇಲಧಿಕಾರಿ ಎಲ್ಲರೆದುರು ನಕ್ಕ. ಸೊಸೆ ಮನೆಗೆ ಬಂದವಳೇ ಚಪ್ಪಲಿಯನ್ನು ಬಾಗಿಲ ಬಳಿ ಎಸೆದಳು.

"ಸ್ವಲ್ಪ ಹೊಂದಿಕೊಂಡು ಹೋಗೋಕಾಗಲ್ವಾ?" ಎಂದ ಗಂಡ.

"ಹೇಗೆ ಹೊಂದಿಕೊಳ್ಳಲಿ? ಬೀದೀನ ಮಡಿಚಿ ಪೆಟ್ಟಿಗೇಲಿ ಇಟ್ಟುಬಿಡಲಾ?"

"ನಾನು ಹಾಗಂದೆನಾ?"

"ನೀವು ಏನೂ ಅನ್ನಲ್ಲ. ಅದೇ ಕಷ್ಟ. ಅಪ್ಪನ ಮುಂದೆ ಒಂದು ಸಲ ಬಾಯಿಬಿಟ್ಟು, ಅವಳು ಮಾಡಿದ್ದು ತಪ್ಪಲ್ಲ ಅಂತ ಹೇಳಿದ್ದೀರಾ?"

ಗಂಡ ಹೇಳಿರಲಿಲ್ಲ. ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಕೆಳಗೆ ಹೋದ. ಅರ್ಧ ಮಾತ್ರ ತುಂಬಿದ್ದರೂ ಹೋದ.

ಸೊಸೆ ಅಡುಗೆಮನೆಗೆ ಬಂದು ಅತ್ತೆಯ ಪಕ್ಕದಲ್ಲಿ ಆಲೂಗೆಡ್ಡೆ ಹೆರೆಯಲು ಕೂತಳು. ಅತ್ತೆ ಒಂದು ಗೆಡ್ಡೆ ಹೆರೆದು ನೀರಿಗೆ ಹಾಕಿ, "ನನಗೊಂದು ಸೈಕಲ್ ಬೇಕು," ಎಂದರು.

ಸೊಸೆಯ ಕೈ ನಿಂತಿತು. "ನಿಮಗಾ?"

"ಮತ್ತೆ ಯಾರಿಗೆ? ಚೀಲ ಹೊತ್ತು ಹೊತ್ತು ಭುಜ ಹೋಯ್ತು. ನನ್ನಷ್ಟೇ ವಯಸ್ಸಿನವಳೊಬ್ಬಳು ದಿನಾ ಈ ದಾರೀಲಿ ಹೋಗ್ತಾಳೆ, ಮುಂದೆ ಬುಟ್ಟಿ ಕಟ್ಕೊಂಡು. ಅದರಲ್ಲಿ ಕೋಸು ಕೂತಿರುತ್ತೆ, ಪಟ್ಟಕ್ಕೆ ಕೂತ ರಾಜನ ಹಾಗೆ. ನೋಡಿ ನೋಡಿ ಆಸೆ ಆಯ್ತು."

"ಮಾವ ಏನಂತಾರೋ."

"ಅರವತ್ತಕ್ಕೆ ಅರಳು ಮರಳು ಅಂತಾರೆ. ಅನ್ನಲಿ."

"ಅಲ್ಲಾ ಅತ್ತೆ, ಊರಿಗೆಲ್ಲ ಕಲಿಸಿದೋರು ನಿಮಗ್ಯಾಕೆ ಕಾರು ಕಲಿಸಲಿಲ್ಲ?"

ಅತ್ತೆ ಚಾಕು ಕೆಳಗಿಟ್ಟು ನಕ್ಕರು. "ಮದುವೆಯಾದ ಹೊಸದರಲ್ಲಿ ಒಂದು ದಿನ ಕೂರಿಸಿದ್ರು. ಏನು ಕೂಗು ಅಂತೀಯ. ನಡುಬೀದೀಲಿ ಕಾರು ನಿಲ್ಲಿಸಿ ಇಳಿದು ಮನೆಗೆ ನಡ್ಕೊಂಡು ಬಂದೆ. ಹಿಂದೆ ಬಸ್ಸು, ಲಾರಿ ಎಲ್ಲ ಹಾರನ್ ಹೊಡೀತಿದ್ವು. ಆಮೇಲೆ ಅವರೂ ಕೂರು ಅನ್ನಲಿಲ್ಲ, ನಾನೂ ಕೂರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಾಗೆ."

ಸೊಸೆ ತನ್ನ ಕಚೇರಿಯವಳೊಬ್ಬಳಿಂದ ಬುಟ್ಟಿಯಿರುವ ಹಳೆಯ ಸೈಕಲ್ ತಂದಳು. ರಜೆಯ ದಿನ ಬೆಳಿಗ್ಗೆ ಒಂದು ಕಡೆ ಸೊಸೆ, ಇನ್ನೊಂದು ಕಡೆ ವಕೀಲೆ, ನಡುವೆ ಹ್ಯಾಂಡಲನ್ನು ಕತ್ತು ಹಿಸುಕುವಂತೆ ಹಿಡಿದ ಮೇಷ್ಟ್ರಮ್ಮ. ಎರಡು ಸಲ ಗಿಡದ ಮೇಲೆ, ಒಂದು ಸಲ ಸೊಸೆಯ ಮೇಲೆ ಬಿದ್ದರು. ಮೇಲೆ ಕಿಟಕಿಯಲ್ಲಿ ಮೇಷ್ಟ್ರ ಚಹಾ ಆರುತ್ತಿತ್ತು.

"ಅಜ್ಜಿ, ಚಕ್ರ ನೋಡು, ಚಕ್ರ ನೋಡು," ಎಂದು ವಕೀಲೆ ಹೇಳಿಕೊಡುತ್ತಿದ್ದಳು.

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಕಿಟಕಿ ತೆರೆಯಿತು. "ಚಕ್ರ ನೋಡಬೇಡ ಕಣೇ, ದಾರಿ ನೋಡು."

ಇಡೀ ಬೀದಿ ತಲೆಯೆತ್ತಿ ನೋಡಿತು. ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ಅಷ್ಟರಲ್ಲಿ ಮೇಷ್ಟ್ರು ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಬಂದಿದ್ದರು.

"ಇದು ಕಲಿಸೋ ರೀತಿನಾ? ಬಿಡಿ ಎಲ್ಲರೂ. ನಾನು ಹಿಡೀತೀನಿ."

ಮೇಷ್ಟ್ರಮ್ಮ ಒಂದು ಕಾಲು ನೆಲಕ್ಕೂರಿದರು. "ನೀವು ಬೇಡ."

"ಯಾಕೆ?"

"ಕೂಗ್ತೀರಿ."

"ಕೂಗಲ್ಲ."

"ಈಗ ಕೂಗಿದ್ದು ಯಾರು?"

"ಅದು ಮೇಲಿಂದ. ಕೇಳಿಸಬೇಕಲ್ಲ."

ಮೇಷ್ಟ್ರಮ್ಮ ಯೋಚಿಸಿದರು. "ಒಂದು ಷರತ್ತು. ದನಿ ಒಂದು ಸಲ ಏರಿತೋ, ಮೇಲೆ ಹೋಗ್ಬೇಕು. ಆ ದಿನ ಅಡುಗೆನೂ ನಿಮ್ಮದೇ."

"ನಾನು ಸಾಕ್ಷಿ," ಎಂದಳು ವಕೀಲೆ.

ಮೊದಲ ದಿನ ಎದುರುಮನೆ ದಾಟುವ ಮೊದಲೇ ಮೇಷ್ಟ್ರು ಮೇಲೆ ಹೋಗಬೇಕಾಯಿತು. ಸಂಜೆ ಎಲ್ಲರಿಗೂ ಬೇಯಿಸಿದ ಮೊಟ್ಟೆ, ತಳ ಹಿಡಿದ ಅನ್ನ. ಮರುದಿನವೂ ಮೊಟ್ಟೆ. ಮೂರನೆಯ ದಿನ ಅವರು ಕ್ಷೌರಿಕನ ಅಂಗಡಿಯವರೆಗೆ ತಡೆದುಕೊಂಡರು, ಅಲ್ಲಿ ನಾಯಿಯೊಂದು ಅಡ್ಡ ಬಂತು. ಮತ್ತೆ ಮೊಟ್ಟೆ.

"ಅಪ್ಪ, ಸೈಕಲ್ ಹೇಗಾದ್ರೂ ಹೋಗಲಿ," ಎಂದ ಮಗ ಚಿಪ್ಪು ಸುಲಿಯುತ್ತ. "ನಮ್ಮ ಹೊಟ್ಟೆ ಮೇಲೆ ಕನಿಕರ ಇಟ್ಟು ನಾಳೆ ಕೂಗಬೇಡಿ."

ಸೊಸೆಯೂ ನಕ್ಕಳು. ಮೇಷ್ಟ್ರು ಮಗನ ಕಡೆ ತಿರುಗಿ, "ನಿನ್ನ ಹೆಂಡತಿಗೆ ಇನ್ನೊಂದು ಮೊಟ್ಟೆ ಬೇಕಾ ಕೇಳು," ಎಂದರು.

ನಿಧಾನಕ್ಕೆ ಅವರಿಗೆ ಅಭ್ಯಾಸವಾಯಿತು. ಕೂಗು ಗಂಟಲಿಗೆ ಬಂದಾಗ ತುಟಿ ಬಿಗಿದು ಆಕಾಶ ನೋಡುತ್ತಿದ್ದರು. ಮುಖ ಕೆಂಪಗಾಗುತ್ತಿತ್ತು. ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿಯೂ ಕ್ಷೌರಿಕನೂ ಬಾಗಿಲಲ್ಲಿ ನಿಂತು, "ಉಸಿರಾಡಿ ಮೇಷ್ಟ್ರೇ," ಎನ್ನುತ್ತಿದ್ದರು. ಮೇಷ್ಟ್ರು ಪಿಸುದನಿಯಲ್ಲಿ, "ಭುಜ ಸಡಿಲ ಬಿಡು. ದೂರ ನೋಡು. ಹಾಂ, ಹಾಗೆ," ಎನ್ನುತ್ತ ಸೀಟು ಹಿಡಿದು ಪಕ್ಕದಲ್ಲೇ ಓಡುತ್ತಿದ್ದರು.

ಒಂದು ಬೆಳಿಗ್ಗೆ ಮೇಷ್ಟ್ರಮ್ಮ, "ಬಿಡಿ," ಎಂದರು.

"ಇನ್ನೊಂದು ಸ್ವಲ್ಪ ದೂರ—"

"ಬಿಡಿ ಅಂದೆ."

ಮೇಷ್ಟ್ರು ಬಿಟ್ಟರು. ಸೈಕಲ್ ಆಚೀಚೆ ತೂಗಿತು, ಆಮೇಲೆ ನೆಟ್ಟಗಾಯಿತು, ಬೀದಿಯ ಕೊನೆಯವರೆಗೆ ಹೋಯಿತು. ತಿರುಗಿಸಲು ಬಾರದ್ದರಿಂದ ಅಲ್ಲಿ ಇಳಿದು, ಕೈಯಿಂದಲೇ ತಿರುಗಿಸಿ, ಮತ್ತೆ ಹತ್ತಿ ಬಂದರು. ಬಂದು ಬೆಂಚಿನ ಬಳಿ ನಿಲ್ಲಿಸಿದಾಗ ಇಬ್ಬರಿಗೂ ಏದುಸಿರು.

"ಆವತ್ತೂ ಹೀಗೇ ಮೆತ್ತಗೆ ಹೇಳಿದ್ದಿದ್ರೆ ಇಷ್ಟು ವರ್ಷ ನಾನೇ ನಿಮ್ಮನ್ನ ಸಂತೆಗೆ ಕರ್ಕೊಂಡು ಹೋಗ್ತಿದ್ದೆ," ಎಂದರು ಮೇಷ್ಟ್ರಮ್ಮ.

ಮೇಷ್ಟ್ರು ಬೆಂಚಿನ ಮೇಲೆ ಕೂತರು. ಅದರ ಮೇಲೆ ಅವರು ಕೂತದ್ದು ಅದೇ ಮೊದಲು. "ಬೇರೆಯವರ ಮೇಲೆ ಕೂಗಿದ್ದು ಕಲೀಲಿ ಅಂತ. ನಿನ್ನ ಮೇಲೆ ಕೂಗಿದ್ದು ಹೆದರಿ. ಎದುರಿಂದ ಲಾರಿ ಬರ್ತಿತ್ತು. ಬ್ರೇಕು ನನ್ನ ಕಾಲ ಕೆಳಗೇ ಇತ್ತು, ಆದ್ರೂ ಕೈಕಾಲು ಬಿದ್ದುಹೋಗಿತ್ತು."

"ಅದನ್ನ ಆವತ್ತೇ ಹೇಳೋಕೇನಾಗಿತ್ತು?"

"ನೀನು ಇಳಿದು ಹೋದೆಯಲ್ಲ."

ಮೇಷ್ಟ್ರಮ್ಮ ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದರು. ಬೀದಿಯಲ್ಲಿ ಜನ ಓಡಾಡುತ್ತಿದ್ದರೂ ಮೇಷ್ಟ್ರು ಮುಖ ತಿರುಗಿಸಲಿಲ್ಲ.

ಮೇಷ್ಟ್ರಮ್ಮ ಬುಟ್ಟಿಯಲ್ಲಿ ಕೋಸು ಇಟ್ಟುಕೊಂಡು ಬಂದ ದಿನ ಬೀದಿಯ ಹೆಂಗಸರಿಗೆಲ್ಲ ಆಸೆ ಹುಟ್ಟಿತು. ದರ್ಜಿಯ ಮಗಳು ಬಂದಳು, ಅವಳ ಹಿಂದೆ ಮೂಲೆಮನೆಯ ಅತ್ತಿಗೆ ನಾದಿನಿಯರು ಬಂದರು. ಕೊನೆಗೆ ಕ್ಷೌರಿಕ ಅಂಗಡಿ ಮುಚ್ಚಿದ ಮೇಲೆ ಅತ್ತಿತ್ತ ನೋಡಿಕೊಂಡು ಬಂದು, ಕಾರು ಬಂದರೂ ಸೈಕಲ್ ಬರುವುದಿಲ್ಲ ಎಂದು ಒಪ್ಪಿಕೊಂಡ. ಸಂಜೆ ಹೊತ್ತು ಮೇಷ್ಟ್ರಿಗೆ ಬಿಡುವೇ ಇಲ್ಲದಂತಾಯಿತು. ಕಾರನ್ನು ವಾರಕ್ಕೊಮ್ಮೆ ಹೋಗಿ ಒರೆಸಿ ಬರುತ್ತಿದ್ದರು, ದೂರದ ನೆಂಟರನ್ನು ನೋಡಿಬರುವ ಹಾಗೆ.

ಆದರೆ ಸೊಸೆಯ ಜೊತೆ ಮಾತು ಮಾತ್ರ ಇರಲಿಲ್ಲ. ಕೋಪ ಯಾವಾಗಲೋ ಇಳಿದಿತ್ತು. ಬಿಟ್ಟ ಮಾತನ್ನು ಎಲ್ಲಿಂದ ಹಿಡಿಯಬೇಕೆಂಬುದು ಅವರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಮಗ ಟಪಾಲು ಹೊರುತ್ತಲೇ ಇದ್ದ.

ಚಳಿ ಕಡಿಮೆಯಾಯಿತು. ಸಭೆಯ ಹಿಂದಿನ ದಿನ ಸಂಜೆ ಮೇಷ್ಟ್ರು ಮೆಟ್ಟಿಲ ಬಳಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತಿದ್ದರು. ಸೊಸೆ ಕಚೇರಿಯಿಂದ ಬಂದವಳು ನೇರ ಅವರ ಮುಂದೆ ನಿಂತಳು.

"ಮಾವ, ನಾಳೆ ಸಭೇಲಿ ನೀವು ನನ್ನ ಮೇಲೆ ಕೂಗಾಡಬೇಕು."

ಮೇಷ್ಟ್ರು ರೂಢಿಯಂತೆ ಮಗನನ್ನು ಹುಡುಕಿ ಸುತ್ತ ನೋಡಿದರು. ಅವನಿನ್ನೂ ಬಂದಿರಲಿಲ್ಲ. ತಾವೇ ಕೇಳಬೇಕಾಯಿತು. "ಯಾಕೆ?"

"ದರ್ಜಿಯವರನ್ನ ವಾರಕ್ಕೆರಡು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಮನೆ ಮುಂದೆ ಗಾಡಿ ನಿಲ್ಲಲ್ಲ. ಪಾಪ, ಆ ಹುಡುಗಿ ಅಪ್ಪನ್ನ ತೋಳಲ್ಲಿ ಹಿಡ್ಕೊಂಡು ಮೂಲೆವರೆಗೆ ನಡೆಸ್ತಾಳೆ. ಬೀದಿಗೊಂದು ಜಾಗ ಕಾಯಿಲೆಯವರಿಗೆ, ಮುದುಕರಿಗೆ, ಸಾಮಾನು ಇಳಿಸೋಕೆ ಅಂತ ನಾನು ಮೊದಲೇ ಬರೆದಿದ್ದೆ. ಒಂದು ಸಂದು ಬಿಟ್ರೆ ಎಲ್ಲರೂ ನುಗ್ತಾರೆ ಅಂತ ನಮ್ಮ ಸಾಹೇಬರು ಹೊಡೆದು ಹಾಕಿದ್ರು. ನಾನು ಕೇಳಿದ್ರೆ ನಡೆಯಲ್ಲ. ಬೀದಿಯವರು ಗಲಾಟೆ ಮಾಡಿ ಕೇಳಿದ್ರೆ ನಡೆಯುತ್ತೆ."

"ಮೊದಲೇ ಬರೆದಿದ್ದೆ ಅಂತ ನನಗ್ಯಾಕೆ ಹೇಳಲಿಲ್ಲ?"

"ನೀವು ಮಾತಾಡ್ತಿರಲಿಲ್ಲವಲ್ಲ."

"ನಿನ್ನ ಗಂಡನ ಕೈಲಿ ಹೇಳಿ ಕಳಿಸ್ಬೇಕಿತ್ತು."

"ಅವರು ಉಪ್ಪಿನ ವಿಷಯಾನೇ ಸರಿಯಾಗಿ ಮುಟ್ಟಿಸಲ್ಲ."

ಮೇಷ್ಟ್ರು ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. "ಮತ್ತೆ ಈ ಸೈಕಲ್ ದಾರಿ? ಅದರ ಬಗ್ಗೆ ಏನು ಹೇಳಲಿ?"

"ಅದು ನಿಮ್ಮಿಷ್ಟ ಮಾವ. ಬೇಡ ಅನ್ನಿಸಿದ್ರೆ ಬೇಡ ಅನ್ನಿ. ಅದನ್ನ ನಾನು ಹೇಳಿಕೊಡಲ್ಲ."

ಅವಳು ಎರಡು ಮೆಟ್ಟಿಲು ಹತ್ತಿದ ಮೇಲೆ ಮೇಷ್ಟ್ರು ಕೇಳಿದರು: "ಎಷ್ಟು ಜೋರು ಬೇಕು?"

"ಸಾಹೇಬರಿಗೆ ಒಂದು ಕಿವಿ ಮಂದ."

ಸಭೆ ಶಾಲೆಯ ಹಜಾರದಲ್ಲಿ. ಮೇಜಿನ ಹಿಂದೆ ಮೇಲಧಿಕಾರಿ, ಅವನ ಪಕ್ಕದಲ್ಲಿ ನಕ್ಷೆ ಹರಡಿಕೊಂಡು ಸೊಸೆ. ಕ್ಷೌರಿಕ ಮೇಷ್ಟ್ರನ್ನು ಮುಂದಿನ ಸಾಲಿಗೆ ತಳ್ಳಿದ. ಮೇಷ್ಟ್ರು ಎದ್ದು ನಿಂತು ಏನೋ ಹೇಳಿದರು. ಯಾರಿಗೂ ಕೇಳಿಸಲಿಲ್ಲ. ಇಷ್ಟು ವಾರ ಪಿಸುಗುಟ್ಟಿ ಅವರ ಗಂಟಲು ಅದಕ್ಕೇ ಒಗ್ಗಿಹೋಗಿತ್ತು.

"ಜೋರಾಗಿ ಮೇಷ್ಟ್ರೇ," ಎಂದರು ಹಿಂದಿನವರು.

ಮತ್ತೆ ಬಾಯಿ ತೆರೆದರು. ಈ ಸಲ ಮೂರನೆಯ ಸಾಲಿನವರೆಗೆ ಬಂತು. ಮೇಲಧಿಕಾರಿ ಗಡಿಯಾರ ನೋಡಿಕೊಂಡ.

ಪಕ್ಕದಲ್ಲಿ ಕೂತಿದ್ದ ಮೇಷ್ಟ್ರಮ್ಮ ಅವರ ತೋಳು ಮುಟ್ಟಿದರು. "ಕೂಗಿ," ಎಂದರು. "ಇವತ್ತು ಅಡುಗೆ ನಂದು."

ಆಮೇಲೆ ಬಂದದ್ದು ಬೀದಿಗೆಲ್ಲ ಪರಿಚಯವಿದ್ದ ದನಿ. "ದರ್ಜಿ ಮನೆ ಮುಂದೆ ಆಸ್ಪತ್ರೆ ಗಾಡಿ ಎಲ್ಲಿ ನಿಲ್ಲಬೇಕು? ಏನ್ರೀ ಮೇಡಂ, ನಿಮ್ಮ ನಕ್ಷೇಲಿ ಗಿಡಕ್ಕೆ ಜಾಗ ಇದೆ, ಬೆಂಚಿಗೆ ಜಾಗ ಇದೆ, ಕಾಯಿಲೆ ಬಿದ್ದ ಮನುಷ್ಯನಿಗೆ ಜಾಗ ಇಲ್ಲವಾ? ನಾಳೆ ನಿಮ್ಮ ಮಾವನೇ ಹಾಸಿಗೆ ಹಿಡಿದ್ರೆ ಬೆನ್ನ ಮೇಲೆ ಹೊತ್ಕೊಂಡು ಹೋಗ್ತೀರಾ?"

ಸೊಸೆ ನಕ್ಷೆಯ ಮೇಲೆ ಬಗ್ಗಿ ಕೂತಳು. ಅವಳ ಭುಜ ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾಳೆ ಎಂದುಕೊಂಡರು ಹಿಂದಿನವರು. ಮುಂದಿನ ಸಾಲಿನಲ್ಲಿದ್ದ ಗಂಡನಿಗೆ ಅವಳ ಮುಖ ಕಾಣುತ್ತಿತ್ತು. ಅವನೂ ಎದ್ದು ನಿಂತ. "ಜಾಗ ಕೊಡ್ಬೇಕು," ಎಂದ. ಆಮೇಲೆ ಯಾರೂ ಕೇಳದಿದ್ದರೂ, "ಮಿಕ್ಕಿದ್ದು ಅವಳು ಮಾಡಿದ್ದು ಸರಿಯಾಗೇ ಇದೆ," ಎಂದು ಸೇರಿಸಿದ. ಅಪ್ಪ ಅವನ ಕಡೆ ತಿರುಗಿ ನೋಡಿದರು. ಅವನು ಕೂರಲಿಲ್ಲ.

ದರ್ಜಿಯ ಮಗಳು ಎದ್ದಳು, ಮೂಲೆಮನೆಯವರು ಎದ್ದರು. ಮೇಲಧಿಕಾರಿ ಎರಡೂ ಕೈ ಎತ್ತಿದ. "ಆಯ್ತು, ಆಯ್ತು. ಬೀದಿಗೊಂದು ಜಾಗ ಕೊಡೋಣ. ಬರ್ಕೊಳ್ಳಿ," ಎಂದ ಸೊಸೆಗೆ. "ಈಗ ಹೇಳಿ, ಸೈಕಲ್ ದಾರಿ ಇರಲಾ, ತೆಗೆದುಬಿಡೋಣವಾ?"

ಕ್ಷೌರಿಕ ಹಿಂದಿನಿಂದ ಮೇಷ್ಟ್ರ ಬೆನ್ನು ತಿವಿದ. ಮೇಷ್ಟ್ರು ಅವನ ಕೈ ಸರಿಸಿದರು. ಅವರ ದನಿ ಮತ್ತೆ ಇಳಿದಿತ್ತು, ಆದರೆ ಹಜಾರದಲ್ಲಿ ಸದ್ದಿರಲಿಲ್ಲ.

"ನನ್ನ ಕಾರು ನಿಲ್ಲುತ್ತಿದ್ದ ಜಾಗ ಹೋಯ್ತು ಅಂತ ನನಗೆ ಸಂಕಟ ಇದೆ. ಈಗಲೂ ಇದೆ. ಆದ್ರೆ ಇದನ್ನ ತೆಗೆದ್ರೆ ನನ್ನ ಶಿಷ್ಯರು ಎಲ್ಲಿ ಓಡಿಸ್ತಾರೆ? ನಮ್ಮ ಮನೆಯವಳಿಗೆ ಇನ್ನೂ ತಿರುಗಿಸೋಕೆ ಬರಲ್ಲ. ಇವನಿಗಂತೂ," ಎಂದು ಕ್ಷೌರಿಕನ ಕಡೆ ತೋರಿಸಿದರು, "ನಿಲ್ಲಿಸೋಕೇ ಬರಲ್ಲ. ಇರಲಿ."

ಹಜಾರ ನಕ್ಕಿತು. ಕೈ ಎತ್ತಿದವರು ಎತ್ತದವರಿಗಿಂತ ಹೆಚ್ಚಿದ್ದರು, ತೀರ ಹೆಚ್ಚೇನಲ್ಲ. ಕ್ಷೌರಿಕ ಗಿರಾಕಿಗಳ ಬಗ್ಗೆ ಗೊಣಗುತ್ತಲೇ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿದ. ಸೊಸೆ ಅದನ್ನೂ ಎಣಿಸಿಕೊಂಡಳು.

ಆ ಸಂಜೆ ಊಟದ ಮೇಜಿನಲ್ಲಿ ಮೇಷ್ಟ್ರು ಸೂಪನ್ನು ಬಾಯಿಗಿಟ್ಟು, ಸೊಸೆಯ ಕಡೆ ತಿರುಗಿ, "ಉಪ್ಪು ಸ್ವಲ್ಪ ಜಾಸ್ತಿ ಆಯ್ತಲ್ಲಮ್ಮ," ಎಂದರು.

"ಹೌದು ಮಾವ. ಇನ್ನೊಂದು ಆಲೂಗೆಡ್ಡೆ ಹಾಕಲಾ?"

"ಬೇಡ. ತಿನ್ನಬಹುದು."

"ಅಲ್ಲಿಗೆ ನನ್ನ ಕೆಲಸ ಹೋಯ್ತು," ಎಂದು ಮಗ ಬ್ರೆಡ್ಡಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

ಬಿಸಿಲು ಹೆಚ್ಚಾಗುವ ಹೊತ್ತಿಗೆ ಮೇಷ್ಟ್ರಮ್ಮ ಸೈಕಲ್ ತಿರುಗಿಸುವುದನ್ನೂ ಕಲಿತರು, ಬಸ್ಸು ತಿರುಗಿಸಿದಷ್ಟು ಅಗಲವಾಗಿ. ಅವರ ತಂಗಿಯ ಮನೆ ನದಿಯಾಚೆ ಇತ್ತು. ಅಲ್ಲಿಗೆ ಯಾವಾಗಲೂ ಮೇಷ್ಟ್ರೇ ಕರೆದುಕೊಂಡು ಹೋಗುತ್ತಿದ್ದರು. ಅಕ್ಕತಂಗಿಯರ ಮಾತು ಕುದುರುವಷ್ಟರಲ್ಲಿ ಕೆಳಗೆ ಹಾರನ್ ಕೇಳಿಸುತ್ತಿತ್ತು. ಒಂದು ದಿನ ಬೆಳಿಗ್ಗೆ ಮೇಷ್ಟ್ರಮ್ಮ ಬುಟ್ಟಿಗೆ ಹಣ್ಣು ಹಾಕಿಕೊಂಡು, "ತಂಗಿ ಮನೆಗೆ ಹೋಗಿ ಬರ್ತೀನಿ," ಎಂದರು.

"ಸೇತುವೆ ದಾಟಬೇಕು," ಎಂದರು ಮೇಷ್ಟ್ರು.

"ಗೊತ್ತು. ಅದರ ಮೇಲೂ ದಾರಿ ಹಾಕಿದಾರೆ."

"ನಾನೂ ಬರಲಾ?"

"ನೀವು ಬಂದ್ರೆ ಬೇಗ ಹೊರಡು ಅಂತೀರಿ," ಎಂದು ಹೇಳಿ ಹೊರಟೇಬಿಟ್ಟರು.

ಮೇಷ್ಟ್ರು ಮಧ್ಯಾಹ್ನ ಪಾಠ ಹೇಳಿದರು, ಗಿಡಕ್ಕೆ ನೀರು ಹಾಕಿದರು. ಸಂಜೆಯಾದರೂ ಹೆಂಡತಿ ಬರಲಿಲ್ಲ. ಬೀದಿಯ ಕೊನೆಯವರೆಗೆ ನಡೆದು ಹೋಗಿ ನೋಡಿ ಬಂದರು. ಬಂದು, ಸೊಸೆಯ ಜೊತೆ ನಿಂತು ಹುರುಳಿಕಾಯಿ ಹೆಚ್ಚಿದರು. ತಟ್ಟೆ ಹಾಕುವ ಹೊತ್ತಿಗೆ ಫೋನು ಬಂತು. ವಕೀಲೆ ಎತ್ತಿಕೊಂಡಳು.

"ತಾತ, ಅಜ್ಜಿ ಇವತ್ತು ಅಲ್ಲೇ ಉಳೀತಾರಂತೆ. ಮಾತು ಮುಗಿದಿಲ್ವಂತೆ."

ಮೇಷ್ಟ್ರಮ್ಮ ಒಬ್ಬರೇ ಹೊರಗೆ ಹೋಗಿ ಉಳಿದದ್ದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮಗ ಅಪ್ಪನ ಮುಖ ನೋಡಿದ. "ಬೇಕಾದ್ರೆ ಕಾರು ತೆಗೆದು ಹೋಗಿ ಕರ್ಕೊಂಡು ಬರೋಣ ಅಪ್ಪ."

ಮೇಷ್ಟ್ರು ಬೀಗದ ಕೈ ತೂಗುಹಾಕಿದ್ದ ಮೊಳೆಯ ಕಡೆ ನೋಡಿದರು. ಆಮೇಲೆ ಎದ್ದು, ಹೆಂಡತಿಯ ತಟ್ಟೆಯನ್ನು ಮೇಜಿನಿಂದ ಎತ್ತಿ ಕಪಾಟಿನಲ್ಲಿಟ್ಟರು.

"ಬೆಳಿಗ್ಗೆ ಸೇತುವೆ ಮೇಲೆ ಎದುರುಗಾಳಿ ಇರುತ್ತೆ, ನಿಧಾನ ಬಾ ಅಂತ ಹೇಳು," ಎಂದರು ಮೊಮ್ಮಗಳಿಗೆ. "ಅವಸರ ಏನೂ ಇಲ್ಲ ಅಂತಾನೂ ಹೇಳು."